ಸೋದರಮಾವನ ಮುಖ ಮತ್ತು ಹಳೆಯ ಗ್ರಾಫಿಕ್ಸ್ ಕಾರ್ಡು

ತೇವಾರಂ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಡಿಸೈನ್ ಅಂಗಡಿಯಿದೆ. ಮದುವೆ, ಗೃಹಪ್ರವೇಶ, ಹುಡುಗಿ ದೊಡ್ಡವಳಾದದ್ದು, ಮಗುವಿಗೆ ಕಿವಿ ಚುಚ್ಚುವುದು, ಹಿರಿಯರು ತೀರಿಕೊಂಡದ್ದು, ಏನೇ ಆಗಲಿ ಅದರ ಫ್ಲೆಕ್ಸ್ ಬ್ಯಾನರ್ ಹುಟ್ಟುವುದು ನನ್ನ ಕಂಪ್ಯೂಟರಿನಲ್ಲಿ. ಅಚ್ಚು ಹಾಕುವ ದೊಡ್ಡ ಯಂತ್ರ ನನ್ನ ಬಳಿ ಇಲ್ಲ. ಫೈಲನ್ನು ದಿಂಡಿಗಲ್ಲಿಗೆ ಕಳಿಸುತ್ತೇನೆ. ಅಲ್ಲಿ ಅಚ್ಚಾಗಿ, ಸುರುಳಿ ಸುತ್ತಿಸಿಕೊಂಡು, ಬಸ್ಸಿನ ಹಿಂದಿನ ಸೀಟಿನಡಿ ಮಲಗಿ ಊರಿಗೆ ಬರುತ್ತದೆ. ಬ್ಯಾನರ್ ಇಲ್ಲದ ಕಾರ್ಯವನ್ನು ಈಗ ಈ ಕಣಿವೆಯಲ್ಲಿ ಯಾರೂ ಕಾರ್ಯವೆಂದು ಒಪ್ಪುವುದಿಲ್ಲ. ಅದರಿಂದ ನನ್ನ ಹೊಟ್ಟೆ ತುಂಬುತ್ತಿರುವುದರಿಂದ ನಾನೂ ತಕರಾರು ತೆಗೆಯುವುದಿಲ್ಲ.

ಬ್ಯಾನರಿನಲ್ಲಿ ಯಾರ ಮುಖ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ನಮ್ಮಲ್ಲಿ ಕಟ್ಟುನಿಟ್ಟಾದ ರಿವಾಜಿದೆ. ತೀರಿಹೋದ ಅಜ್ಜ ಅಜ್ಜಿಯರು ಮೇಲೆ ಮೋಡದಲ್ಲಿ. ಅಪ್ಪನ ಕಡೆಯ ದೊಡ್ಡಪ್ಪ ಚಿಕ್ಕಪ್ಪಂದಿರು ಕೆಳಗೆ ಸಾಲಾಗಿ, ಕೈ ಮುಗಿದುಕೊಂಡು. ದುಬೈಯಲ್ಲಿರುವವನಿಗೆ ಕಪ್ಪು ಕನ್ನಡಕ. ಪಕ್ಷದಲ್ಲಿ ಏನೋ ಒಂದು ಹುದ್ದೆ ಇರುವವನ ಕಿವಿಯಲ್ಲಿ ಮೊಬೈಲು, ಆ ಕಡೆ ಮಂತ್ರಿಗಳೇ ಮಾತಾಡುತ್ತಿರುವ ಹಾಗೆ ಗಂಭೀರ ಮುಖ. ಕಿವಿ ಚುಚ್ಚುವ ಕಾರ್ಯವಾದರೆ ಇವರೆಲ್ಲರಿಗಿಂತ ದೊಡ್ಡದಾಗಿ ಸೋದರಮಾವ. ಮಗು ಕೂರುವುದು ಅವನ ತೊಡೆಯ ಮೇಲೆ. ಅವನು ಬಂದು ಕೂರುವ ತನಕ ಚಿನ್ನದ ಕೆಲಸದ ಆಚಾರಿ ಸೂಜಿಯನ್ನೇ ಕೈಗೆತ್ತಿಕೊಳ್ಳುವುದಿಲ್ಲ. ಹೀಗಾಗಿ ಬ್ಯಾನರಿನ ತುಂಬ ಮಾವನೇ ಇದ್ದು, ಕಿವಿ ಚುಚ್ಚಿಸಿಕೊಳ್ಳುವ ಮಗು ಅವನ ಅಂಗಿಯ ಜೇಬಿನ ಪಕ್ಕ ಎಲ್ಲೋ ನಗುತ್ತಿರುತ್ತದೆ.

ನಮ್ಮದು ಮನೆಯಲ್ಲಿ ಕನ್ನಡವಾಡುವ ಬೇಸಾಯದ ಕುಲ. ಎಷ್ಟೋ ತಲೆಮಾರಿನಿಂದ ಇಲ್ಲೇ, ತಮಿಳು ಸೀಮೆಯಲ್ಲೇ ಇದ್ದೇವೆ. ಆಡುವುದು ಕನ್ನಡ, ಬರೆಯುವುದು ತಮಿಳು, ಜಗಳಕ್ಕೆ ಎರಡೂ. ಕನ್ನಡ ಅಕ್ಷರವನ್ನು ನಾನು ಕಲಿತದ್ದು ಯಾರೋ ಬೆಂಗಳೂರಿನ ಸಂಬಂಧದವರು ಕನ್ನಡದಲ್ಲೇ ಲಗ್ನಪತ್ರಿಕೆ ಬೇಕೆಂದು ಹಟ ಹಿಡಿದಾಗ, ಕೀಬೋರ್ಡ್ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡು. ಆ ಕಲಿಕೆಯ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಕಂಪ್ಯೂಟರಿನ ವಿಷಯಕ್ಕೆ ಬರುತ್ತೇನೆ. ಅದರೊಳಗಿನ ಗ್ರಾಫಿಕ್ಸ್ ಕಾರ್ಡು ದಿಂಡಿಗಲ್ಲಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಮಾಲು. ಚಿತ್ರ ಬಿಡಿಸುವ ಭಾರವನ್ನೆಲ್ಲ ಹೊರುವುದು ಅದೇ. ಅದಕ್ಕೆ ಹೀಗೆ ಬಿಡಿಸು, ಹಾಗೆ ಬಿಡಿಸು ಎಂದು ಅಪ್ಪಣೆ ಕೊಡುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ಕಾರ್ಡು ಮಾಡಿದ ಕಂಪನಿ ಒಂದು ದಿನ, ಇಷ್ಟು ಹಳೆಯ ಕಾರ್ಡಿಗೆ ಇನ್ನು ಡ್ರೈವರ್ ಕೊಡುವುದಿಲ್ಲ, ಹೊಸದು ಕೊಳ್ಳಿ ಎಂದು ಕೈ ತೊಳೆದುಕೊಂಡಿತು. ನನಗೆ ಮೂಗಿನ ತುದಿಯಲ್ಲೇ ಕೋಪ. ಕೊಳ್ಳುವುದಿಲ್ಲ ಹೋಗು ಎಂದು ಅವತ್ತೇ, ಕಂಪ್ಯೂಟರ್ ನಡೆಸಲು ದುಡ್ಡಿಲ್ಲದೆ ಸಿಗುವ ಲಿನಕ್ಸ್ ಹಾಕಿಕೊಂಡೆ.

ಲಿನಕ್ಸಿನಲ್ಲಿ ಇದೇ ಕಾರ್ಡಿಗೆ ಬೇರೊಂದು ಡ್ರೈವರ್ ಇದೆ. ಅದನ್ನು ಬರೆದವರು ಕಂಪನಿಯವರಲ್ಲ. ಜಗತ್ತಿನ ಬೇರೆ ಬೇರೆ ಊರುಗಳಲ್ಲಿ ಕೂತ ಯಾರ‍್ಯಾರೋ. ಕಂಪನಿ ಕಾರ್ಡಿನ ಒಳಗುಟ್ಟನ್ನು ಇವರಿಗೆ ಹೇಳಿಲ್ಲ. ಕೀಲಿಕೈ ಕಳೆದುಹೋದ ಬೀಗವನ್ನು ಒಡೆಯದೆ, ಕಿವಿಗೆ ಹಿಡಿದು ಅಲ್ಲಾಡಿಸಿ, ಅರದಿಂದ ಉಜ್ಜುತ್ತ ಉಜ್ಜುತ್ತ ಹೊಸ ಕೀಲಿಕೈ ಮಾಡಿಕೊಡುವವರು ದಿಂಡಿಗಲ್ಲಿನಲ್ಲಿದ್ದಾರಲ್ಲ, ಇವರೂ ಅದೇ ಜಾತಿ. ಮಾಡಿದ್ದನ್ನು ಬಚ್ಚಿಡದೆ, ಯಾರು ಬೇಕಾದರೂ ನೋಡಿ, ತಿದ್ದಿ, ಬಳಸಿ ಎಂದು ಬಯಲಲ್ಲಿ ಇಟ್ಟಿರುತ್ತಾರೆ. ಬಳಸುವಾಗ ಏನಾದರೂ ಕೆಟ್ಟರೆ ಅವರ ಪುಟಕ್ಕೆ ಹೋಗಿ ದೂರು ಬರೆಯಬಹುದು. ಆ ದೂರೂ ಬಯಲಲ್ಲೇ, ಎಲ್ಲರ ಕಣ್ಣೆದುರಿಗೆ.

ಸಂಕ್ರಾಂತಿಗೆ ಹುಟ್ಟುವ ತೈ ತಿಂಗಳ ಮುಹೂರ್ತಕ್ಕೆ ಇನ್ನೂ ದಿನಗಳಿದ್ದಾಗ ನನ್ನ ಚಿಕ್ಕಪ್ಪನ ಮಗಳು, ನನಗೆ ತಂಗಿ, ಅಂಗಡಿಗೆ ಬಂದಳು. ಅವಳ ಮೂರು ವರ್ಷದ ಮಗಳಿಗೆ ಕಿವಿ ಚುಚ್ಚುವ ಕಾರ್ಯ. ಫೋನಿನಿಂದ ಒಂದು ಫೋಟೋ ತೆಗೆದು ತೋರಿಸಿದಳು. ಅದು ಅವಳ ಒಡಹುಟ್ಟಿದ ಅಣ್ಣನದು. ನನಗೂ ಅವನು ಅಣ್ಣನೇ.

"ಅಕ್ಕಾ, ಅಣ್ಣಂದು ಮೊಕ ಎಲ್ಲಾರಿಗಿಂತಾ ಪೆರ್ಸಾಗಿ ಇರ್ಬೇಕು. ನನ್ ಗಂಡನ ಕಡೆಯೋರು ಒಬ್ರೂ ಅವುನ್ ತೋಳಿನ ಮಟ್ಟಕ್ಕೂ ಬರ್ಬಾರ್ದು."

"ಎಷ್ಟು ಪೆರ್ಸು?"

"ಬಸ್ಸು ಊರೊಳೀಕೆ ತಿರುಗುವಾಗ್ಲೇ ಕಾಣ್ಬೇಕು."

ಹಟಕ್ಕೆ ಕಾರಣವಿತ್ತು. ಅಣ್ಣನಿಗೆ ಬೆಟ್ಟದ ಮೇಲೆ ಬೋಡಿಮೆಟ್ಟಿನಲ್ಲಿ ಏಲಕ್ಕಿ ತೋಟ; ಇರುವುದೂ ಅಲ್ಲೇ. ಇಬ್ಬರೂ ಚಿಕ್ಕಂದಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು. ತಂಗಿ ಹೊಸ ಮನೆ ಕಟ್ಟಿದಾಗ ಕೆಲಸದ ಗಡಿಬಿಡಿಯಲ್ಲಿ ಅಣ್ಣನಿಗೆ ಗೃಹಪ್ರವೇಶದ ಕರೆಯೋಲೆಯನ್ನು ವಾಟ್ಸಾಪಿನಲ್ಲಿ ಕಳಿಸಿಬಿಟ್ಟಳು. ನಮ್ಮಲ್ಲಿ ಕರೆಯುವುದೆಂದರೆ ತಟ್ಟೆಯಲ್ಲಿ ವೀಳ್ಯದೆಲೆ ಅಡಿಕೆ ಇಟ್ಟುಕೊಂಡು ಮನೆಗೆ ಹೋಗಿ, ಒಂದು ಲೋಟ ನೀರಾದರೂ ಕುಡಿದು, ಬಾಯಿ ಬಿಟ್ಟು ಬನ್ನಿ ಎನ್ನಬೇಕು. ಊರವರಿಗೇ ಹಾಗೆ ಕರೆಯುವಾಗ ಒಡಹುಟ್ಟಿದವನಿಗೆ ಕೊಳಲಿನ ಸಂಗೀತ ಹಾಕಿದ, ಗಣಪತಿ ಗಿರಗಿರನೆ ತಿರುಗುವ ವಿಡಿಯೋ! ಗಣಪತಿಯನ್ನು ತಿರುಗಿಸಿದವಳು ನಾನೇ. ಗೃಹಪ್ರವೇಶದ ದಿನ ಅಣ್ಣ ತನ್ನದೊಂದು ಫೋಟೋ ವಾಟ್ಸಾಪಿನಲ್ಲಿ ಕಳಿಸಿ, ಕೆಳಗೆ, "ಪೋನ್‌ನಾಗೆ ಕರೆದ್ರಿ, ಪೋನ್‌ನಾಗೇ ಬಂದೀನಿ" ಎಂದು ಬರೆದ. ಅವತ್ತಿನಿಂದ ಅಣ್ಣ ತಂಗಿ ಮಾತು ಬಿಟ್ಟಿದ್ದರು.

ಈ ಸಲ ತಂಗಿ ತಪ್ಪು ಮಾಡಲಿಲ್ಲ. ತಟ್ಟೆ ಹಿಡಿದು ಬೋಡಿಮೆಟ್ಟಿನ ತಿರುವು ತಿರುವಿನಲ್ಲೂ ವಾಂತಿ ಮಾಡಿಕೊಳ್ಳುತ್ತ ಹತ್ತಿಹೋಗಿ, ಮುಖಾಮುಖಿ ಕರೆದು ಬಂದಳು. ಅಣ್ಣ ವೀಳ್ಯ ತೆಗೆದುಕೊಂಡ. ಬರುತ್ತೇನೆ ಎನ್ನಲಿಲ್ಲ. "ನೋಡಾಣ" ಎಂದನಂತೆ. ಈ ನೋಡಾಣವನ್ನು ಹೊತ್ತುಕೊಂಡು ಅವಳು ಊಟ ಬಿಟ್ಟು ಓಡಾಡುತ್ತಿದ್ದಳು. ಬ್ಯಾನರಿನಲ್ಲಿ ತನ್ನ ಮುಖದ ಗಾತ್ರ ನೋಡಿಯಾದರೂ ಅವನ ಮನಸ್ಸು ಕರಗಲಿ ಎಂಬುದು ಅವಳ ಲೆಕ್ಕಾಚಾರ. ನನಗೆ ಅದು ಹುಚ್ಚು ಎನಿಸಲಿಲ್ಲ. ಈ ಊರಲ್ಲಿ ಮುಖ ಸಣ್ಣದಾಯಿತೆಂದು ಪಂಕ್ತಿಯಿಂದ ಎದ್ದುಹೋದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಾಡಿದೆ. ಅಣ್ಣನನ್ನು ಎಳೆದು, ಹಿಗ್ಗಿಸಿ, ಮೀಸೆಯ ಒಂದೊಂದು ಕೂದಲೂ ಎಣಿಸುವ ಹಾಗೆ ತಿದ್ದಿ, ಬ್ಯಾನರಿನ ಬಲಗಡೆಯನ್ನೆಲ್ಲ ಅವನಿಗೇ ಬಿಟ್ಟುಕೊಟ್ಟೆ. ಪರದೆಯ ಮೇಲೆ ಸಣ್ಣ ಅಳತೆಯಲ್ಲಿ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಕಂಪ್ಯೂಟರಿಗೆ ಪೂರ್ತಿ ಅಳತೆಯ ಫೈಲು ಮಾಡಲು ಹೇಳಿ, ಅದರದೊಂದು ಸಣ್ಣ ನಕಲನ್ನು ನಾನೂ ತೆರೆದು ನೋಡದೆ ತಂಗಿಯ ಮನೆಯವರ ಫೋನಿಗೆ ಕಳಿಸಿ ಊಟಕ್ಕೆ ಕೂತೆ. ತಂಗಿಯ ಗಂಡನದು ಮಹಾ ಚುರುಕು ಹೆಬ್ಬೆರಳು. ಬಂದದ್ದನ್ನು ಕಣ್ಣು ಬಿಟ್ಟು ನೋಡದೆ ಸಂಬಂಧಿಕರ ವಾಟ್ಸಾಪ್ ಗುಂಪಿಗೆ ತಳ್ಳಿ, ಕೆಳಗೆ ಕೈ ಮುಗಿದ ಗುರುತನ್ನೂ ಹಾಕಿಬಿಟ್ಟ.

ಚಿತ್ರದಲ್ಲಿ ಎಲ್ಲರೂ ಇದ್ದರು. ಅಜ್ಜಂದಿರು ಮೋಡದಲ್ಲಿದ್ದರು, ದೊಡ್ಡಪ್ಪಂದಿರು ಕೈ ಮುಗಿದಿದ್ದರು. ಅಣ್ಣ ಮಾತ್ರ ಇರಲಿಲ್ಲ. ಅವನ ಜಾಗದಲ್ಲಿ ತಲೆಯಿಂದ ಎದೆಯವರೆಗೆ ಹಸಿರೋ ಹಸಿರು ಚೌಕ, ಅದರ ಮೇಲೆ ಉದ್ದಕ್ಕೂ ಸಣ್ಣ ಗೆರೆ. ಕೈತುತ್ತು ಕೈಯಲ್ಲೇ ಇರುವಾಗ ಅಣ್ಣನ ಫೋನು ಬಂತು.

"ತಂಗಚ್ಚೀ, ಎಲ್ಲಾರಿಗೂ ಮೊಕ ಇಟ್ಟಿದ್ದೀಯ, ನಂಗೆ ಮಟ್ಟೂ ವಾಳೆಎಲೆ ಆಕಿದ್ದೀಯಲ್ಲ?"

"ಅಣ್ಣಾ, ಅದು ವಾಳೆಎಲೆ ಅಲ್ಲ, ಕಂಪ್ಯೂಟರ್ ತಪ್ಪು..."

"ಕಂಪ್ಯೂಟರ್‌ಗೆ ನನ್ ಒಬ್ನ ಮೇಲೇ ಕೋಪಾನಾ? ಅವುಳ್ ಗಂಡನ್ ಅಣ್ಣ ತಮ್ಮಂದ್ರೆಲ್ಲಾ ಪಳಪಳಾ ಅಂತ ಅವ್ರೆ. ಓಗ್ಲಿ ಬುಡು. ಮಗೂನ ಆ ವಾಳೆಎಲೆ ಮೇಲೇ ಕೂರ್ಸಿ ಚುಚ್ರಿ."

ಇಟ್ಟುಬಿಟ್ಟ. ಆಮೇಲೆ ಎಷ್ಟು ಸಲ ಕರೆದರೂ ಎತ್ತಲಿಲ್ಲ. ಸಂಜೆಯ ಹೊತ್ತಿಗೆ ತಂಗಿ ಬಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತಳು. ಅವಳ ಗಂಡ ಹೊರಗೆ ಬೈಕಿನ ಮೇಲೆ ಕೂತು, ತನ್ನ ಹೆಬ್ಬೆರಳನ್ನೇ ನೋಡಿಕೊಳ್ಳುತ್ತಿದ್ದ. ನನಗೆ ಅವಳನ್ನು ನೋಡಿ ಅಯ್ಯೋ ಎನಿಸಿತು, ಅಣ್ಣನ ಮೇಲೆ ಸಿಟ್ಟು ಬಂತು, ಕಾರ್ಡನ್ನು ಕಿತ್ತು ಕೊಟ್ಟಕುಡಿ ನದಿಗೆ ಎಸೆಯೋಣ ಎನಿಸಿತು.

ಮರುದಿನ ಸಮಾಧಾನದಿಂದ ಪರೀಕ್ಷೆಗೆ ಕೂತೆ. ಅಣ್ಣನನ್ನು ಸಣ್ಣದು ಮಾಡಿದರೆ ಪ್ರತ್ಯಕ್ಷ. ದೊಡ್ಡದು ಮಾಡುತ್ತ ಹೋದರೆ ಒಂದು ಅಳತೆ ದಾಟಿದ ಕೂಡಲೇ ಮಾಯ. ಇದೇನು ಅಣ್ಣನೊಬ್ಬನಿಗೇ ಅಂಟಿದ ದೋಷವೋ ಎಂದು, ತಂಗಿಯ ಭಾವನನ್ನು ಹಿಡಿದು ಅಷ್ಟೇ ದೊಡ್ಡದು ಮಾಡಿದೆ. ಅವರೂ ಹಸಿರಾದರು. ಕಿವಿಯಲ್ಲಿ ಮೊಬೈಲು ಹಿಡಿದ ಪಕ್ಷದ ಮನುಷ್ಯನನ್ನು ಎಳೆದೆ, ಮೊಬೈಲ್ ಸಮೇತ ಹಸಿರಾದ. ಸ್ವಲ್ಪ ಹೊತ್ತು ಬೇಕುಬೇಕೆಂದೇ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಹಸಿರು ಮಾಡಿದೆ, ಮನಸ್ಸಿಗೆ ಹಿತವಾಯಿತು. ಕಾರಣ ಆಗ ಹೊಳೆಯಿತು. ಒಂದೇ ಚಿತ್ರ ಮಿತಿ ಮೀರಿ ದೊಡ್ಡದಾದರೆ ಡ್ರೈವರ್ ಅದನ್ನು ಕಾರ್ಡಿನಲ್ಲಿ ಎಲ್ಲಿ ಇಡಬೇಕೆಂದು ತಿಳಿಯದೆ ಎಡವುತ್ತಿದೆ. ನಮ್ಮ ರಿವಾಜಿನ ಪ್ರಕಾರ ಅಷ್ಟು ದೊಡ್ಡವನಾಗುವುದು ಸೋದರಮಾವ ಒಬ್ಬನೇ. ಅದಕ್ಕೆ ಅವನೊಬ್ಬನೇ ಮಾಯವಾಗಿದ್ದ.

ಕಾರ್ಡಿನ ಸಹಾಯ ಬಿಟ್ಟು ಮಾಡಬಹುದಿತ್ತು. ಮಾಡಿ ನೋಡಿದೆ. ಅಣ್ಣನ ಮೀಸೆಯನ್ನು ಒಂಚೂರು ಪಕ್ಕಕ್ಕೆ ಸರಿಸಿ, ಬಸ್ ನಿಲ್ದಾಣಕ್ಕೆ ಹೋಗಿ ಟೀ ಕುಡಿದು, ಎದುರಂಗಡಿಯವರ ಸೊಸೆಯ ಸಮಾಚಾರ ಕೇಳಿಕೊಂಡು ಬಂದರೂ ಮೀಸೆ ಇನ್ನೂ ದಾರಿಯಲ್ಲೇ ಇತ್ತು. ಕೊನೆಗೆ ಕಂಪ್ಯೂಟರೇ ಉಸಿರು ಬಿಟ್ಟು ನಿಂತಿತು. ಅಣ್ಣನನ್ನು ಸ್ವಲ್ಪ ಸಣ್ಣದು ಮಾಡುತ್ತೇನೆಂದರೆ ತಂಗಿ ಒಪ್ಪಲಿಲ್ಲ. ಸಣ್ಣದು ಮಾಡಿದರೆ ವಾಳೆಎಲೆಯೇ ವಾಸಿಯಿತ್ತು ಎನ್ನುತ್ತಾನೆ ಎಂದಳು. ಅದು ನಿಜ.

ಡ್ರೈವರ್ ಬರೆಯುವವರ ಪುಟದಲ್ಲಿ ದೂರು ದಾಖಲಿಸಿದೆ. ನನ್ನ ಇಂಗ್ಲಿಷು ಲಗ್ನಪತ್ರಿಕೆಯ ಇಂಗ್ಲಿಷು; ಎಲ್ಲ ವಾಕ್ಯವೂ ಬಂಧುಮಿತ್ರರ ಸಮೇತ ಆಗಮಿಸುತ್ತದೆ. ಆದರೂ ಯಾವ ಕಾರ್ಡು, ಯಾವ ಆವೃತ್ತಿ, ಏನು ಮಾಡಿದರೆ ಏನಾಗುತ್ತದೆ ಎಂದು ಬರೆದೆ. ಯುರೋಪಿನ ಯಾವುದೋ ಚಳಿಯ ಊರಿನಿಂದ ಒಬ್ಬರು ಉತ್ತರಿಸಿದರು. ಮಾತು ಬಹಳ ಕಮ್ಮಿ. ಮೊದಲು ಚಿತ್ರ ಕಳಿಸಿ ಎಂದರು. ಅದು ಬಯಲ ಪುಟ, ಅಣ್ಣನ ಮುಖ ಜಗತ್ತಿಗೇ ಕಾಣುತ್ತದೆ. ಕೇಳದೆ ಹಾಕುವ ಹಾಗಿಲ್ಲ. ಅವನು ಫೋನ್ ಎತ್ತುತ್ತಿಲ್ಲ. ಹಾಗಾಗಿ ಧ್ವನಿಯಲ್ಲಿ ಒಂದು ಸಂದೇಶ ಕಳಿಸಿದೆ. "ಅಣ್ಣಾ, ನಿನ್ ಮೊಕ ಯಾಕೆ ಬರ್ಲಿಲ್ಲ ಅಂತ ಪರದೇಸದೋರು ಇಚಾರಿಸ್ತಾವ್ರೆ. ಪೋಟೋ ಕಳಿಸ್ಲಾ?"

ಮಧ್ಯಾಹ್ನದವರೆಗೆ ಉತ್ತರವಿಲ್ಲ. ಆಮೇಲೆ ಒಂದಕ್ಷರ ಬರೆಯದೆ ಬೇರೆ ಫೋಟೋ ಕಳಿಸಿದ. ಹಣೆಗೆ ಗಂಧ, ಕೊರಳಲ್ಲಿ ಸರ, ಮೀಸೆಗೆ ಎಣ್ಣೆ, ಹಿಂದೆ ಏಲಕ್ಕಿ ಗಿಡ. ಪರದೇಶದವರ ಮುಂದೆ ಹಳೆಯ ಫೋಟೋದಲ್ಲಿ ನಿಲ್ಲಲು ಅವನು ತಯಾರಿರಲಿಲ್ಲ. ಅದನ್ನೇ ಹಾಕಿದೆ.

ಚಳಿಯೂರಿನವರು ನೋಡಿ ಕೇಳಿದರು: ತೊಂದರೆ ನಮ್ಮಲ್ಲೂ ಕಾಣುತ್ತಿದೆ, ಆದರೆ ಒಬ್ಬ ಮನುಷ್ಯನ ಮುಖ ಇಷ್ಟು ದೊಡ್ಡದಾಗಿ ಏಕೆ ಬೇಕು? ಚಿಕ್ಕದು ಮಾಡಬಾರದೆ?

ನ್ಯಾಯವಾದ ಪ್ರಶ್ನೆಯೇ. ಆದರೆ ನನಗೆ ರೇಗಿತು. ಕೂತು ಉದ್ದಕ್ಕೆ ಬರೆದೆ. ತಾಯಿಯ ಅಣ್ಣತಮ್ಮಂದಿರೆಂದರೆ ನಮ್ಮಲ್ಲಿ ಯಾರು, ಮಗು ಯಾರ ತೊಡೆಯ ಮೇಲೆ ಕೂರುತ್ತದೆ, ಮಾವನ ಮುಖ ಚಿಕ್ಕಪ್ಪನ ಮುಖಕ್ಕಿಂತ ಒಂದು ಬೆರಳು ಕಡಿಮೆಯಾದರೂ ಆ ಮನೆಯಲ್ಲಿ ಏನೇನಾಗುತ್ತದೆ, ಎಲ್ಲ ಬರೆದೆ. ಕಾರ್ಡಿನ ವಿಷಯಕ್ಕಿಂತ ಕುಲಾಚಾರದ ವಿಷಯವೇ ಹೆಚ್ಚಾಯಿತು. ಅವರು ಉತ್ತರಿಸಿದರು: ತಿಳಿಯಿತು. ಹಾಗಾದರೆ ಮುಖದ ಗಾತ್ರ ಬದಲಾಗುವಂತಿಲ್ಲ. ಡ್ರೈವರನ್ನೇ ಸರಿಪಡಿಸಬೇಕು.

ನಮ್ಮ ಊರಿನಲ್ಲೇ ಎಷ್ಟೋ ಜನಕ್ಕೆ ಇಷ್ಟು ಬೇಗ ತಿಳಿಯುವುದಿಲ್ಲ. ಆದರೆ ಸರಿಪಡಿಸಲು ಸಮಯ ಬೇಕು, ಅಲ್ಲಿಯವರೆಗೆ ಒಂದು ಉಪಾಯವಿದೆ ಎಂದು ಇನ್ನೊಬ್ಬರು ನಡುವೆ ಬಂದು ಬರೆದರು. ಮುಖವನ್ನು ಮೂಗಿನ ಮಟ್ಟಕ್ಕೆ ಅಡ್ಡಡ್ಡ ಕತ್ತರಿಸಿ ಎರಡು ಚಿತ್ರ ಮಾಡಿ, ಮೇಲೆ ಕೆಳಗೆ ಜೋಡಿಸಿದರೆ ಯಾರಿಗೂ ತಿಳಿಯುವುದಿಲ್ಲವಂತೆ. ಬಹಳ ಸುಲಭ. ನನಗೇ ಏಕೆ ಹೊಳೆಯಲಿಲ್ಲ ಎಂದು ತಲೆ ಚಚ್ಚಿಕೊಂಡು ತಂಗಿಗೆ ಹೇಳಿದೆ. ಅವಳು ಕಿವಿ ಮುಚ್ಚಿಕೊಂಡಳು.

"ಸುಬ ಕಾರ್ಯಕ್ಕೆ ಅಣ್ಣನ್ ಮೊಕ ಕೊಯ್ದು ಅರಿಯೋದಾ ಅಕ್ಕಾ? ಬಾಯಿಲಿ ಸೊಲ್ಬ್ಯಾಡ. ಅಂಗಿದ್ರೆ ಬ್ಯಾನರೇ ಬ್ಯಾಡ ನಂಗೆ."

"ಕಂಪ್ಯೂಟರ್‌ನಾಗೆ ಕಣೇ, ಯಾರ್ಗೂ ಕಾಣದು."

"ನಂಗೆ ಗೊತ್ತಿರ್ತದಲ್ಲ." ಕಣ್ಣೊರೆಸಿಕೊಂಡು ಸೇರಿಸಿದಳು. "ನಾನ್ ತಪ್ಪಾಗಿ ಕರ್ದೆ, ನಿಜ. ಅದಕ್ಕೆ ಮಲೆ ಅತ್ತಿ ಓಗಿ ಮಂಡಿ ಊರಿ ಕರ್ದೆ. ಇನ್ನೂ ಅವ್ನು ಬರ್ದೇ ಓದ್ರೆ ಕಿವಿ ಚುಚ್ಚೋದೇ ಬ್ಯಾಡ. ನನ್ ಮಗ್ಳು ಬರೀ ಕಿವೀಲೇ ಬೆಳೀಲಿ. ಕೇಳ್ದೋರಿಗೆ, ಅವುಳ್ ಮಾಮ ಇನ್ನೂ ಬರ್ಲಿಲ್ಲ ಅಂತೀನಿ."

ಉಪಾಯ ಏಕಾಗದು ಎಂದು ಪುಟದಲ್ಲಿ ಕಾರಣ ಕೊಡಬೇಕಲ್ಲ. ಬೇರೆ ಕಾರಣ ನನಗೆ ತೋಚಲಿಲ್ಲ. ಅವಳು ಹೇಳಿದ್ದನ್ನೇ ನನಗೆ ಬಂದ ಇಂಗ್ಲಿಷಿನಲ್ಲಿ ಬರೆದು ಹಾಕಿದೆ. ಉಪಾಯ ಹೇಳಿದವರು ಕ್ಷಮೆ ಕೇಳಿದರು. ಕತ್ತರಿಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಆಮೇಲೆ ಚಳಿಯೂರಿನವರು ತಿದ್ದುಪಡಿ ಕಳಿಸತೊಡಗಿದರು. ನಾನು ಅದನ್ನು ಡ್ರೈವರಿಗೆ ಸೇರಿಸಿ, ಇಡೀ ಡ್ರೈವರನ್ನು ಹೊಸದಾಗಿ ಕಟ್ಟಿ, ಅಣ್ಣನನ್ನು ತೆರೆದು ನೋಡಿ ಹೇಳಬೇಕು. ಕಟ್ಟುವಾಗ ಕಂಪ್ಯೂಟರಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಮೊರೆಯುತ್ತದೆ, ನಡುವೆ ಕರೆಂಟು ಹೋದರೆ ಮೊದಲಿನಿಂದ ಶುರು. ಮೊದಲ ತಿದ್ದುಪಡಿಯಲ್ಲಿ ಅಣ್ಣ ಬಂದ. ಎದೆಯಲ್ಲಿ ಕಣ್ಣು, ಹಣೆಯ ಮೇಲೆ ಮೀಸೆ. ಎರಡನೆಯದರಲ್ಲಿ ಎಲ್ಲ ಅದರದರ ಜಾಗದಲ್ಲೇ ಇತ್ತು, ಆದರೆ ಅಣ್ಣ ಇಬ್ಬರಾಗಿದ್ದ. ಒಬ್ಬನನ್ನು ಸಂಭಾಳಿಸುವುದೇ ಕಷ್ಟವಾಗಿರುವಾಗ ಇದು ಅತಿಯಾಯಿತು ಎಂದು ಬರೆದೆ. ಈ ಚಿತ್ರಗಳನ್ನು ತಂಗಿಯ ಗಂಡನಿಗೆ ಅಪ್ಪಿತಪ್ಪಿಯೂ ಕಳಿಸಲಿಲ್ಲ.

ಮುಹೂರ್ತ ಹತ್ತಿರ ಬಂತು. ದಿಂಡಿಗಲ್ಲಿನವರು ಫೈಲೆಲ್ಲಿ ಎಂದು ಕೇಳುತ್ತಿದ್ದರು. ಅಂಥ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಜೀಪು ನಿಂತಿತು, ಏಲಕ್ಕಿಯ ವಾಸನೆ ಮೊದಲು ಒಳಗೆ ಬಂತು, ಹಿಂದೆಯೇ ಅಣ್ಣ. ಪರದೆಯ ಮೇಲೆ ಆಗಿನ್ನೂ ಇಬ್ಬರು ಅಣ್ಣಂದಿರಿದ್ದರು. ಅವಸರದಲ್ಲಿ ಅದನ್ನು ಮುಚ್ಚಿ ಪುಟ ತೆರೆದೆ. ತಂಗಿ ಕೂತು ಅತ್ತಿದ್ದ ಸ್ಟೂಲಿನ ಮೇಲೇ ಅಣ್ಣ ಕೂತ.

"ಎಲ್ಲಿ, ಪರದೇಸದೋರು ನನ್ ಮೊಕದ ಬಗ್ಗೆ ಏನ್ ಬರ್ದವ್ರೆ? ಓದು ನೋಡಾಣ."

ಓದಿದೆ, ಅಂದರೆ ನಮ್ಮ ಮಾತಿನಲ್ಲಿ ಹೇಳುತ್ತ ಹೋದೆ. ಒಬ್ಬರು, ಮುಖ ಇನ್ನೂ ಬರಲಿಲ್ಲ ಎಂದು ಬೇಸರಿಸಿದ್ದರು. ಒಬ್ಬರು ತಮ್ಮ ಮನೆಯ ಕಾರ್ಡಿನಲ್ಲಿ ಹಾಕಿ ನೋಡಿ, ಮೂಗಿನವರೆಗೆ ಬಂತು ಎಂದಿದ್ದರು. ಎಲ್ಲೋ ದೂರದ ದೇಶದ ಒಬ್ಬ ಹೆಂಗಸು, ನಮ್ಮಲ್ಲೂ ತಾಯಿಯ ಅಣ್ಣನಿಗೆ ಸಿಟ್ಟು ಬಂದರೆ ಮದುವೆ ನಿಲ್ಲುತ್ತದೆ, ಬೇಗ ಸರಿಮಾಡಿ ಎಂದಿದ್ದಳು. ಅಣ್ಣ ಮೀಸೆ ನೀವಿಕೊಂಡ.

"ಇವ್ರಿಗೆಲ್ಲಾ ನಾನ್ ಏನಾಗ್ಬೇಕು?"

"ಏನೂ ಆಗ್ಬೇಕಾಗಿಲ್ಲ ಅಣ್ಣಾ."

"ಮತ್ತೆ ಏನುಕ್ಕೆ ಇಷ್ಟು ಪಾಡು ಪಡ್ತಾವ್ರೆ?"

ಅವರು ಅಂಥವರೇ ಎಂದೆ. ಕೆಳಗೆ ತಂಗಿ ಹೇಳಿದ್ದನ್ನು ನಾನು ಬರೆದು ಹಾಕಿದ್ದ ಉದ್ದದ ಬರಹ ಬಂದಾಗ ಅದನ್ನು ಹಾರಿಸಿ ಮುಂದೆ ಹೋದೆ. ಅಣ್ಣನಿಗೆ ಇಂಗ್ಲಿಷ್ ಬಾರದಿದ್ದರೂ ಏಲಕ್ಕಿ ತೂಕದಲ್ಲಿ ಕಣ್ಣು ಪಳಗಿದೆ. ಇಷ್ಟುದ್ದದ್ದು ಬಿಟ್ಟೆಯಲ್ಲ, ಅದನ್ನು ಓದು ಎಂದ. ಅದು ಕಾರ್ಡಿನ ವಿಷಯ, ನಿನಗೆ ತಿಳಿಯದು ಎಂದೆ. ಅವನು ಕೈಕಟ್ಟಿ ಕೂತುಬಿಟ್ಟ. ಬೇರೆ ದಾರಿಯಿಲ್ಲದೆ ತಂಗಿಯ ಮಾತನ್ನು ಇಂಗ್ಲಿಷಿನಿಂದ ಮತ್ತೆ ನಮ್ಮ ಕನ್ನಡಕ್ಕೆ ತಂದೆ. ಅಣ್ಣನ ಮುಖಕ್ಕೆ ಕತ್ತರಿ ಹಾಕುವುದಾದರೆ ಬ್ಯಾನರೇ ಬೇಡವಂತೆ. ಅವನು ಬರದಿದ್ದರೆ ಮಗಳು ಬರಿಯ ಕಿವಿಯಲ್ಲೇ ಬೆಳೆಯಲಿ ಎಂದಳು. ಕೇಳಿದವರಿಗೆ, ಮಾವ ಇನ್ನೂ ಬರಲಿಲ್ಲ ಎನ್ನುತ್ತಾಳಂತೆ.

ಅಣ್ಣ ಕಟ್ಟಿದ್ದ ಕೈ ಬಿಟ್ಟ. ಅವನ ಮುಖ ಇಳಿದುಹೋಯಿತು.

"ಇದ್ನ ನಂಗೆ ಸೊಲ್ಲದೆ, ಅಷ್ಟು ದೂರದೋರ್‌ಗೆ ಏನುಕ್ಕೆ ಸೊಲ್ದಳು ಅವ್ಳು?"

"ಅವ್ರು ಕೇಳಿದ್ರು ಅಣ್ಣಾ."

ಅವನು ತಲೆ ತಗ್ಗಿಸಿದ. ಮೇಲುಗಡೆಯ ಜೇಬಿನಿಂದ ಕರ್ಚೀಪು ತೆಗೆದು ಮೂಗೊರೆಸಿಕೊಂಡು, ಧೂಳು ಎಂದ. ನನ್ನ ಅಂಗಡಿಯಲ್ಲಿ ಧೂಳಿಲ್ಲ. ಆದರೂ ಹೌದೆಂದೆ.

ಅವನಿದ್ದಾಗಲೇ ಮತ್ತೊಂದು ತಿದ್ದುಪಡಿ ಬಂತು. ಕಟ್ಟಲು ಹಚ್ಚಿ, ಟೀ ತರಿಸಿ, ಇಬ್ಬರೂ ಕಾದೆವು. ಪುಣ್ಯಕ್ಕೆ ಕರೆಂಟು ಹೋಗಲಿಲ್ಲ. ಫೈಲು ತೆರೆದೆ, ಅಣ್ಣನನ್ನು ಎಳೆದೆ, ಅಳತೆ ದಾಟಿಸಿದೆ. ಗಂಧ, ಕಣ್ಣು, ಮೂಗು, ಮೀಸೆ, ಸರ, ಎಲ್ಲ ನಿಂತಿತು. ಪೂರ್ತಿ ಅಳತೆಯಲ್ಲಿ ಮಾಡಿ ತೆರೆದೆ, ಆಗಲೂ ನಿಂತಿತು. ನಾನು ಕುರ್ಚಿಯಿಂದೆದ್ದು ಕೂಗಿಯೇಬಿಟ್ಟೆ. ಅಣ್ಣ ಪರದೆಗೆ ಹತ್ತಿರ ಬಂದು ತನ್ನನ್ನು ತಾನು ಎಡದಿಂದ ಬಲಕ್ಕೆ ನೋಡಿದ.

"ಮೀಸೆ ಒಸಿ ಕಪ್ಪು ಮಾಡು," ಎಂದು ಹೇಳಿ ಜೀಪು ಹತ್ತಿದ. ಬರುತ್ತೇನೆ ಎಂದು ಆಗಲೂ ಹೇಳಲಿಲ್ಲ.

ಸರಿಹೋಯಿತು ಎಂದು ಪುಟದಲ್ಲಿ ಬರೆದೆ. ಚಳಿಯೂರಿನವರು, ಹಾಗಾದರೆ ದೂರನ್ನು ಮುಚ್ಚಬಹುದೇ ಎಂದು ಕೇಳಿದರು. ಬೇಡ ಎಂದೆ. ಮುಖ ಬಂದಿದೆ, ಮನುಷ್ಯ ಬರುವುದು ಇನ್ನೂ ಗೊತ್ತಿಲ್ಲ ಎಂದು ಬರೆದೆ. ಡ್ರೈವರಿನ ಮಟ್ಟಿಗೆ ಕೆಲಸ ಮುಗಿದಿತ್ತು, ಅವರು ನನ್ನನ್ನು ಹುಚ್ಚಿ ಎಂದು ಮುಚ್ಚಿಬಿಡಬಹುದಿತ್ತು. ಮುಚ್ಚಲಿಲ್ಲ. ಹಾಗೇ ತೆರೆದಿಟ್ಟರು.

ಬ್ಯಾನರು ದಿಂಡಿಗಲ್ಲಿನಿಂದ ಬಸ್ಸಿನಲ್ಲಿ ಬಂತು. ಮಂಟಪದ ಮುಂದೆ ಕಟ್ಟಿಸಿದೆವು. ಬಸ್ಸು ಊರೊಳಗೆ ತಿರುಗುವಾಗಲೇ ಅಣ್ಣ ಕಾಣುತ್ತಿದ್ದ. ಕಾರ್ಯದ ದಿನ ಬೆಳಗ್ಗೆ ಆಚಾರಿ ಬಂದು ಕೂತ. ನಾದಸ್ವರದವರು ಬಂದರು. ತಂಗಿ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಬಾಗಿಲಲ್ಲೇ ನಿಂತಿದ್ದಳು, ಯಾರು ಮಾತಾಡಿಸಿದರೂ ರಸ್ತೆಯ ಕಡೆಗೇ ನೋಡುತ್ತಿದ್ದಳು. ಅವಳ ಅತ್ತೆ, ಹೊತ್ತಾಗುತ್ತದೆ, ಬೇರೆ ಯಾರಾದರೂ ಮಾವನ ವರಸೆಯವರನ್ನು ಕೂರಿಸೋಣ ಎಂದರು. ತಂಗಿ ಆಗದು ಎಂದು ತಲೆ ಆಡಿಸಿದಳು.

ಅಷ್ಟರಲ್ಲಿ ಜೀಪು ಬಂತು. ಹಿಂದೆ ಇನ್ನೊಂದು ಜೀಪು, ಅದರ ತುಂಬ ಸೀರೆಯ ತಟ್ಟೆ, ಹಣ್ಣಿನ ತಟ್ಟೆ, ಬಳೆಯ ತಟ್ಟೆ. ಅಣ್ಣ ಇಳಿದ. ಅವನ ಇಡೀ ಮುಖ ತಲೆಯ ಮೇಲೆ ತೂಗುತ್ತಿತ್ತು, ಅವನು ಕತ್ತೆತ್ತಿ ನೋಡಲಿಲ್ಲ. ನೇರ ಬಾಗಿಲಿಗೆ ಹೋಗಿ ತಂಗಿಯ ಎದುರು ನಿಂತ.

"ಊಟ ಮಾಡ್ದೆ ಬಂದೀನಿ," ಎಂದ. "ಇಡ್ಲಿ ಐತಾ?"

ತಂಗಿ ಅಳುತ್ತ ನಕ್ಕಳು. ಮಗು ಅವನ ತೊಡೆಯ ಮೇಲೆ ಕೂತಿತು. ಸೂಜಿ ಚುಚ್ಚಿದಾಗ ಮಗು ಕಿರುಚಿತು, ಅದಕ್ಕಿಂತ ಮೊದಲೇ ಅಣ್ಣ ಅತ್ತಿದ್ದ. ತಂಗಿ ಸೆರಗಿನಿಂದ ಮೊದಲು ಅವನ ಕಣ್ಣೊರೆಸಿ ಆಮೇಲೆ ಮಗಳದನ್ನು ಒರೆಸಿದಳು. ಬ್ಯಾನರಿನ ಕಡೆ ಒಬ್ಬರೂ ನೋಡಲಿಲ್ಲ. ಅಷ್ಟು ದೇಶದವರು ಸೇರಿ ತಂದ ಮುಖ! ನನಗೆ ಕೋಪ ಬಂತು. ಎರಡು ಸಲ ಬಡಿಸಿಕೊಂಡು ಉಂಡೆ.

ಅಂಗಡಿಗೆ ಬಂದು ಪುಟ ತೆರೆದರೆ ಚಳಿಯೂರಿನವರು ಬೆಳಗ್ಗೆಯೇ ಒಂದು ಸಾಲು ಬರೆದಿದ್ದರು. ಕಾರ್ಡಿನ ಮಾತಲ್ಲ, ಡ್ರೈವರಿನ ಮಾತಲ್ಲ. ಮಾವ ಬಂದರಾ ಎಂದು ಕೇಳಿದ್ದರು.

ಬಂದರು, ಇನ್ನು ಮುಚ್ಚಬಹುದು ಎಂದು ಬರೆದೆ.